ಆಟಗಾರ ಸಹಿ ಹಾಕದ ಒಪ್ಪಂದ

ಕರಾರಿನ ಜಗಳ ಎಂದರೆ ಯಾರೋ ಒಬ್ಬರು ಮಾತಿಗೆ ತಪ್ಪಿದ್ದಾರೆ ಎಂದೇ ನಾವು ಅಂದುಕೊಳ್ಳುತ್ತೇವೆ. ಗುತ್ತಿಗೆದಾರ ಮನೆಯನ್ನು ಅರ್ಧಕ್ಕೆ ಕೈಬಿಟ್ಟಿರುತ್ತಾನೆ, ಇಲ್ಲವೇ ಮಾಲೀಕ ಆಡಿದಷ್ಟು ಹಣ ಕೊಟ್ಟಿರುವುದಿಲ್ಲ. ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್‌ನಲ್ಲಿ ಎಪ್ಪತ್ತು ವರ್ಷ ನಡೆದ ಜಗಳಗಳು ಈ ಜಾತಿಯವಲ್ಲ. ಅಲ್ಲಿ ಕರಾರನ್ನು ಯಾರೂ ಮುರಿಯುತ್ತಿರಲಿಲ್ಲ. ಅದು ಅವಧಿ ಮುಗಿದು ತಾನಾಗಿಯೇ ಕೊನೆಗೊಳ್ಳುತ್ತಿತ್ತು. ಜಗಳ ಹುಟ್ಟುತ್ತಿದ್ದುದು ಆಮೇಲೆ. 1960ರ ಜೂನ್ 30ರಂದು ನ್ಯೂಕ್ಯಾಸಲ್ ಯುನೈಟೆಡ್‌ನ ಜಾರ್ಜ್ ಈಸ್ಟ್‌ಹ್ಯಾಮ್‌ನ ಕರಾರು ಮುಗಿಯಿತು. ಮಾರನೆಯ ದಿನದಿಂದ ಕ್ಲಬ್ಬು ಅವನಿಗೆ ಸಂಬಳ ಕೊಡಬೇಕಾಗಿರಲಿಲ್ಲ, ಅವನೂ ಕ್ಲಬ್ಬಿಗೆ ಆಡಬೇಕಾಗಿರಲಿಲ್ಲ. ಆದರೆ ಲೀಗ್‌ನ ಬೇರಾವ ಕ್ಲಬ್ಬಿಗೂ ಅವನು ಆಡುವಂತಿರಲಿಲ್ಲ. ಈ ಕಟ್ಟು ಅವನು ಸಹಿ ಮಾಡಿದ ಕಾಗದದಿಂದ ಬಂದದ್ದಲ್ಲ. ಕ್ಲಬ್‌ಗಳು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಇನ್ನೊಂದು ಒಪ್ಪಂದದಿಂದ ಬಂದದ್ದು. ಫುಟ್‌ಬಾಲ್ ಆಟಗಾರರ ಹೋರಾಟವನ್ನು ಹೆಚ್ಚಿನವರು ಸಂಬಳದ ಹೋರಾಟ ಎಂದೇ ಬರೆದಿದ್ದಾರೆ. ಸಂಬಳದ ಪಾಲು ಅದರಲ್ಲಿ ಇದ್ದದ್ದು ನಿಜ. ಆದರೆ ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಜಗಳದ ಬೇರು ಇರುವುದು ಆಟಗಾರ ಎಂದೂ ಸಹಿ ಹಾಕದ ಆ ಎರಡನೆಯ ಒಪ್ಪಂದದಲ್ಲಿ.

ಅದು ಹುಟ್ಟಿದ್ದು ದುರುದ್ದೇಶದಿಂದ ಎಂದು ಹೇಳಲಾಗದು. 1885ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹಣ ಪಡೆದು ಆಡುವುದನ್ನು ಕಾನೂನುಬದ್ಧ ಮಾಡಿತು. ಜೊತೆಗೇ ಹಾಗೆ ಆಡುವವರೆಲ್ಲ ಹೆಸರು ನೋಂದಾಯಿಸಬೇಕೆಂದು ವಿಧಿಸಿತು. 1888ರಲ್ಲಿ ಲ್ಯಾಂಕಶೈರ್ ಮತ್ತು ಮಿಡ್‌ಲ್ಯಾಂಡ್ಸ್ ಭಾಗದ 12 ಕ್ಲಬ್‌ಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದವು. ಅಲ್ಲಿಯವರೆಗೆ ಈ ಶನಿವಾರ ಒಬ್ಬರಿಗೆ, ಮುಂದಿನ ಶನಿವಾರ ಇನ್ನೊಬ್ಬರಿಗೆ ಆಡಿ ಬರುವ ಆಟಗಾರರು ಬೇಕಾದಷ್ಟಿದ್ದರು. ವರ್ಷಪೂರ್ತಿ ವೇಳಾಪಟ್ಟಿ ಹಾಕಿ ಟಿಕೆಟ್ ಮಾರುವ ಲೀಗ್‌ಗೆ ಇದು ಹೊಂದುವಂಥದ್ದಲ್ಲ. ಒಂದು ಹಂಗಾಮಿನ ನಡುವೆ ಆಟಗಾರ ಅತ್ತಿತ್ತ ಹಾರಬಾರದು ಎಂಬ ನಿಯಮಕ್ಕೆ ಯಾರೂ ತಕರಾರು ಎತ್ತಲಾರರು. 1893ರಲ್ಲಿ ಲೀಗ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಹಂಗಾಮು ಮುಗಿದರೂ, ಕರಾರು ಮುಗಿದರೂ, ಹಳೆಯ ಕ್ಲಬ್ಬು ಒಪ್ಪದೆ ನೋಂದಣಿ ಬದಲಾಗದು. ಮೊದಲನೆಯದು ಪಂದ್ಯಾವಳಿ ನಡೆಸಲು ಬೇಕಾದ ಶಿಸ್ತು. ಎರಡನೆಯದು ಮನುಷ್ಯನೊಬ್ಬನ ದುಡಿಮೆಯ ಮೇಲೆ ಕೊನೆಯಿಲ್ಲದ ಹಿಡಿತ. ಈ ಎರಡೂ ಒಂದೇ ನಿಯಮಪುಸ್ತಕದಲ್ಲಿ ಅಕ್ಕಪಕ್ಕ ಕೂತಿದ್ದರಿಂದ ಒಂದರ ನ್ಯಾಯ ಇನ್ನೊಂದಕ್ಕೂ ಅಂಟಿಕೊಂಡು, ಮುಂದಿನ ಏಳು ದಶಕ ಅವನ್ನು ಬಿಡಿಸಿ ನೋಡುವುದೇ ಕಷ್ಟವಾಯಿತು.

ಈ ಪದ್ಧತಿ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಂಗಾಮು ಮುಗಿಯುತ್ತಿದ್ದಂತೆ ಪ್ರತಿ ಕ್ಲಬ್ಬೂ ತನ್ನ ಆಟಗಾರರನ್ನು ವಿಂಗಡಿಸಿ ಲೀಗ್‌ಗೆ ಪಟ್ಟಿ ಕಳಿಸುತ್ತಿತ್ತು. ಕೆಲವರಿಗೆ ಹೊಸ ಕರಾರು, ಅದೂ ಸಾಮಾನ್ಯವಾಗಿ ಒಂದೇ ವರ್ಷದ್ದು. ಕೆಲವರು ಮಾರಾಟದ ಪಟ್ಟಿಗೆ; ಅವರ ಹೆಸರಿನ ಮುಂದೆ ಕ್ಲಬ್ಬು ಕೇಳುವ ಬೆಲೆ. ಕೆಲವರಿಗೆ ಬಿಡುಗಡೆ. ಉಳಿದವರು ಉಳಿಕೆ ಪಟ್ಟಿಗೆ. ಉಳಿಕೆ ಪಟ್ಟಿಯಲ್ಲಿದ್ದವನು ಕ್ಲಬ್ಬು ಹೇಳಿದ ಷರತ್ತಿಗೆ ಒಪ್ಪಿ ಸಹಿ ಮಾಡಿದರೆ ಸರಿ; ಮಾಡದಿದ್ದರೆ ಸಂಬಳವಿಲ್ಲ, ಆಟವೂ ಇಲ್ಲ, ಬೇರೆ ಕ್ಲಬ್ಬಿಗೆ ಹೋಗಲು ದಾರಿಯೂ ಇಲ್ಲ. ಕ್ಲಬ್ಬಿಗೆ ಇದರಿಂದ ಒಂದು ಕಾಸಿನ ಖರ್ಚೂ ಇರಲಿಲ್ಲ. ವರ್ಷವರ್ಷವೂ ಅದೇ ಹೆಸರನ್ನು ಅದೇ ಪಟ್ಟಿಯಲ್ಲಿ ಬರೆಯುತ್ತ ಹೋದರಾಯಿತು. ಫುಟ್‌ಬಾಲ್ ಆಟಗಾರನ ದುಡಿಮೆಯ ಆಯುಸ್ಸು ಹತ್ತೋ ಹನ್ನೆರಡೋ ವರ್ಷ. ಕಾಯುವ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಜುಟ್ಟು ಕ್ಲಬ್ಬಿನ ಕೈಯಲ್ಲೇ ಇತ್ತು.

ಇದರ ಜೊತೆಗೇ ಇನ್ನೊಂದು ಕಟ್ಟಳೆ ಬಂತು. 1901ರಿಂದ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡುವಂತಿಲ್ಲ. ಈ ಮಿತಿ ನಿಧಾನವಾಗಿ ಮೇಲೇರಿ, 1922ರಲ್ಲಿ ಹಂಗಾಮಿನಲ್ಲಿ 8 ಪೌಂಡ್, ಬೇಸಿಗೆಯಲ್ಲಿ 6 ಪೌಂಡ್ ಆಗಿ, 1958ರ ಹೊತ್ತಿಗೆ 20 ಮತ್ತು 17 ಪೌಂಡಿಗೆ ಬಂದು ನಿಂತಿತು. ಜನರ ಕಣ್ಣಿಗೆ ಬಿದ್ದದ್ದು, ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಈ ಮಿತಿಯ ಬಗ್ಗೆ. ಆದರೆ ಎರಡು ಕಟ್ಟಳೆಗಳಲ್ಲಿ ಯಾವುದು ಗಟ್ಟಿ ಎಂದು ಪರೀಕ್ಷಿಸಲು ಒಂದು ಸರಳ ಉಪಾಯವಿದೆ: ಯಾವುದನ್ನು ಕದ್ದು ಮುರಿಯಲು ಸಾಧ್ಯವಿತ್ತು? ಸಂಬಳದ ಮಿತಿಯನ್ನು ಮೊದಲಿನಿಂದ ಕೊನೆಯವರೆಗೂ ಮುರಿಯುತ್ತಲೇ ಬಂದರು. 1906ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸಿಕ್ಕಿಬಿದ್ದಾಗ 17 ಆಟಗಾರರು ಅಮಾನತಾದರು, ಅವರನ್ನು ಊರಿನ ಕ್ವೀನ್ಸ್ ಹೋಟೆಲಿನಲ್ಲಿ ಹರಾಜಿನಂತೆ ಬೇರೆ ಕ್ಲಬ್‌ಗಳಿಗೆ ಮಾರಲಾಯಿತು. ಅರ್ಧ ಶತಮಾನದ ಮೇಲೆ, 1957ರಲ್ಲಿ, ಸಂಡರ್‌ಲ್ಯಾಂಡ್ ಇದೇ ತಪ್ಪಿಗೆ 5,000 ಪೌಂಡ್ ದಂಡ ತೆತ್ತಿತು. ಸಿಕ್ಕಿಬೀಳದವರು ಎಷ್ಟೋ. ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಮನಸ್ಸಿದ್ದಾಗ ಸಂಬಳದ ಮಿತಿ ನಿಲ್ಲುವುದಿಲ್ಲ. ನೋಂದಣಿಯ ಕಟ್ಟಳೆಯನ್ನು ಹೀಗೆ ಮೇಜಿನ ಕೆಳಗೆ ಮುರಿಯಲಾಗುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಮೂರನೆಯವರ ಒಪ್ಪಿಗೆ; ಆ ಮೂರನೆಯವರೆಂದರೆ ಅದೇ ನಿಯಮದಿಂದ ಲಾಭ ಪಡೆಯುವ ಉಳಿದ ಕ್ಲಬ್‌ಗಳೆಲ್ಲ.

ಈ ವಾದಕ್ಕೆ ಇನ್ನೂ ಬಲವಾದ ಸಾಕ್ಷಿ ಭೂಪಟದಲ್ಲಿದೆ. ಆಟಗಾರನ ಕಟ್ಟು ಅವನ ಕರಾರಿನಲ್ಲೇ ಇದ್ದಿದ್ದರೆ ಅವನು ಎಲ್ಲಿ ಹೋದರೂ ಹಿಂದೆಯೇ ಬರಬೇಕಿತ್ತು. ಹಾಗಾಗಲಿಲ್ಲ. ಕ್ಲಬ್‌ಗಳ ಪರಸ್ಪರ ಒಪ್ಪಂದ ಎಲ್ಲಿಯವರೆಗೆ ಹಬ್ಬಿತ್ತೋ ಅಲ್ಲಿಯವರೆಗೆ ಮಾತ್ರ ಕಟ್ಟು ಬಿಗಿಯಾಗಿತ್ತು, ಗೆರೆ ದಾಟಿದ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ಆರಂಭದ ದಶಕಗಳಲ್ಲಿ ಸದರ್ನ್ ಲೀಗ್ ಈ ಗೆರೆಯ ಹೊರಗಿತ್ತು. ಫುಟ್‌ಬಾಲ್ ಲೀಗ್‌ನ ಉಳಿಕೆ ಪಟ್ಟಿಯಲ್ಲಿದ್ದವರು ದಕ್ಷಿಣಕ್ಕೆ ಹೋಗಿ ಆರಾಮವಾಗಿ ಆಡುತ್ತಿದ್ದರು. 1901ರಲ್ಲಿ ಲೀಗ್‌ನ ಹೊರಗಿನ ಟಾಟನ್‌ಹ್ಯಾಮ್ ಎಫ್.ಎ. ಕಪ್ ಗೆದ್ದದ್ದು ನೆನಪಿಸಿಕೊಂಡರೆ ಸಾಕು, ಆ ಕಡೆಯ ಆಟ ಕಳಪೆಯೇನೂ ಆಗಿರಲಿಲ್ಲ. ಹರ್ಬರ್ಟ್ ಕಿಂಗಬಿ ಎಂಬ ವಿಂಗರ್‌ನ ಕತೆ ಇಲ್ಲಿ ಮುಖ್ಯ. 1906ರಲ್ಲಿ ಆಸ್ಟನ್ ವಿಲ್ಲಾ ಅವನನ್ನು ಕ್ಲಾಪ್ಟನ್ ಓರಿಯೆಂಟ್‌ನಿಂದ 300 ಪೌಂಡಿಗೆ ಕೊಂಡಿತು, ಬೆರಳೆಣಿಕೆಯ ಪಂದ್ಯ ಆಡಿಸಿ ಬೇಡವೆಂದಿತು. ಅವನು ಸದರ್ನ್ ಲೀಗ್‌ಗೆ ಹೋಗಿ ವರ್ಷಗಟ್ಟಲೆ ಆಡಿದ. 1910ರಲ್ಲಿ ಎರಡೂ ಲೀಗ್‌ಗಳು ಪರಸ್ಪರರ ನೋಂದಣಿಯನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಬಂದವು. ಕಿಂಗಬಿ ಯಾವ ಹೊಸ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಆದರೂ ಅವನು ಮತ್ತೆ ವಿಲ್ಲಾದ ಸ್ವತ್ತಾದ, ಅವನ ತಲೆಯ ಮೇಲೆ ಮತ್ತೆ ಬೆಲೆ ಬಂತು.

ಕಿಂಗಬಿ ಕೋರ್ಟಿಗೆ ಹೋದ. ಅವನ ಬೆನ್ನಿಗೆ ನಿಂತದ್ದು 1907ರ ಡಿಸೆಂಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಬಿಲ್ಲಿ ಮೆರೆಡಿತ್, ಚಾರ್ಲಿ ರಾಬರ್ಟ್ಸ್ ಮೊದಲಾದವರು ಕಟ್ಟಿದ್ದ ಆಟಗಾರರ ಸಂಘ. ಆ ಸಂಘ 1909ರಲ್ಲಿ ಒಮ್ಮೆ ಅಸೋಸಿಯೇಷನ್‌ನೊಂದಿಗೆ ಮುಖಾಮುಖಿಯಾಗಿತ್ತು. ಸಂಘ ಬಿಡಿ ಇಲ್ಲವೇ ಆಟ ಬಿಡಿ ಎಂದಾಗ ಬಹಳಷ್ಟು ಮಂದಿ ಸಂಘ ಬಿಟ್ಟರು; ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಮಾತ್ರ ಬಹಿಷ್ಕೃತರ ಕ್ಲಬ್ ಎಂದು ತಾವೇ ಫಲಕ ಬರೆದುಕೊಂಡು ಫೋಟೋ ತೆಗೆಸಿಕೊಂಡರು. ಕೊನೆಗೆ ಸಂಘಕ್ಕೆ ಮಾನ್ಯತೆ ಸಿಕ್ಕಿತು, ನಿಯಮಗಳು ಇದ್ದಲ್ಲೇ ಉಳಿದವು. 1912ರ ಕಿಂಗಬಿ ಮೊಕದ್ದಮೆಯಲ್ಲಿ ಸಂಘಕ್ಕೆ ಆದ ಪೆಟ್ಟು ಇದಕ್ಕಿಂತ ದೊಡ್ಡದು. ಅವನ ವಕೀಲರು ಪದ್ಧತಿಯೇ ಅನ್ಯಾಯ ಎಂದು ವಾದಿಸುವ ಬದಲು ವಿಲ್ಲಾ ದ್ವೇಷದಿಂದ ಹೀಗೆ ಮಾಡಿತು ಎಂದು ವಾದಿಸಿದರು. ದ್ವೇಷಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ವಿಲ್ಲಾ ನಿಯಮ ಪಾಲಿಸಿತ್ತು ಅಷ್ಟೇ. ಮೊಕದ್ದಮೆ ಬಿದ್ದುಹೋಯಿತು, ಖರ್ಚಿನ ಭಾರಕ್ಕೆ ಸಂಘ ದಿವಾಳಿಯ ಅಂಚಿಗೆ ಬಂತು. ವಿಪರ್ಯಾಸವೆಂದರೆ ಗೆಲ್ಲಬಹುದಾಗಿದ್ದ ವಾದ ಆಗಲೇ ಕಾನೂನಿನಲ್ಲಿತ್ತು. ದುಡಿಯುವವನ ವೃತ್ತಿಗೆ ಹಾಕುವ ಕಡಿವಾಣ ನ್ಯಾಯಸಮ್ಮತವೂ ಸಾರ್ವಜನಿಕ ಹಿತಕ್ಕೆ ಒಪ್ಪುವಂಥದ್ದೂ ಆಗಿದ್ದರೆ ಮಾತ್ರ ನಿಲ್ಲುತ್ತದೆ ಎಂದು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ನಾರ್ಡನ್‌ಫೆಲ್ಟ್ ಪ್ರಕರಣದಲ್ಲಿ ಹೇಳಿದ್ದು 1894ರಲ್ಲಿ, ಲೀಗ್‌ನ ನಿಯಮ ಹುಟ್ಟಿದ ಮರುವರ್ಷ. ಬಂದೂಕು ತಯಾರಕನೊಬ್ಬನ ವ್ಯಾಪಾರದ ಜಗಳದಲ್ಲಿ ರೂಪುಗೊಂಡ ಆ ತತ್ವ ಫುಟ್‌ಬಾಲ್ ಆಟಗಾರನವರೆಗೆ ನಡೆದು ಬರಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

ನಡುವಿನ ಕಾಲದಲ್ಲಿ ಎದುರು ನಿಂತವರೆಲ್ಲ ಒಬ್ಬೊಬ್ಬರೇ ನಿಂತು ಒಬ್ಬೊಬ್ಬರೇ ಸೋತರು. ಇಂಗ್ಲೆಂಡ್ ತಂಡದ ವಿಲ್ಫ್ ಮ್ಯಾನಿಯನ್ 1948ರಲ್ಲಿ ಮಿಡಲ್ಸ್‌ಬರೊದ ಕರಾರಿಗೆ ಸಹಿ ಮಾಡದೆ ಓಲ್ಡಮ್‌ಗೆ ಹೋಗಿ ಕೋಳಿಗೂಡು ಮಾರುವ ಕೆಲಸಕ್ಕೆ ಸೇರಿದ. ಕೆಲವು ತಿಂಗಳಲ್ಲೇ ಕೈಚೆಲ್ಲಿ ಹಿಂತಿರುಗಿದ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ಬು ಪ್ರೆಸ್ಟನ್‌ನ ಆಟಗಾರ ಟಾಮ್ ಫಿನ್ನಿಗೆ ಸಹಿ ಹಾಕಿದ್ದಕ್ಕೇ 10,000 ಪೌಂಡ್ ಕೊಡಲು ಮುಂದಾಯಿತು. ವಾರಕ್ಕೆ 14 ಪೌಂಡ್ ಪಡೆಯುತ್ತಿದ್ದ ಅವನಿಗೆ ಪ್ರೆಸ್ಟನ್ ಸಾಧ್ಯವೇ ಇಲ್ಲ ಎಂದಿತು, ಅವನು ಸುಮ್ಮನಾದ. ಗೆರೆ ದಾಟಿದವರು 1950ರಲ್ಲಿ ಕೊಲಂಬಿಯಾದ ಬೊಗೋಟಾಕ್ಕೆ ಹೋದವರು. ಆಗ ಕೊಲಂಬಿಯಾದ ಲೀಗ್ ಫಿಫಾದ ಹೊರಗಿತ್ತು. ಹಾಗಾಗಿ ಸ್ಟೋಕ್ ಸಿಟಿಯ ನೀಲ್ ಫ್ರಾಂಕ್ಲಿನ್, ಜಾರ್ಜ್ ಮೌಂಟ್‌ಫರ್ಡ್, ಮ್ಯಾಂಚೆಸ್ಟರ್ ಯುನೈಟೆಡ್‌ನ ಚಾರ್ಲಿ ಮಿಟನ್ ಇವರು ಅಲ್ಲಿನ ಸಾಂಟಾ ಫೆ ಕ್ಲಬ್ಬಿಗೆ ಹೋಗಿ ಊರಿನಲ್ಲಿ ಸಿಗುವುದರ ಹಲವು ಪಟ್ಟು ಹಣಕ್ಕೆ ಆಡಿದರು. ಇಂಗ್ಲೆಂಡಿನ ಯಾವ ಪಟ್ಟಿಯೂ ಅವರನ್ನು ತಡೆಯಲಿಲ್ಲ. ಕೊಲಂಬಿಯಾ 1951ರ ಲಿಮಾ ಒಪ್ಪಂದದ ಮೂಲಕ ಫಿಫಾದ ಮನೆಗೆ ಮರಳಿದಾಗ, ಹೊರಗಿನಿಂದ ಬಂದ ಆಟಗಾರರನ್ನೆಲ್ಲ 1954ರೊಳಗೆ ಹಳೆಯ ಕ್ಲಬ್‌ಗಳಿಗೆ ಒಪ್ಪಿಸಬೇಕು ಎಂಬುದೇ ಷರತ್ತಾಯಿತು. ಹಿಂದೆ ಬಂದ ಇಂಗ್ಲಿಷ್ ಆಟಗಾರರಿಗೆ ಅಮಾನತು ಕಾದಿತ್ತು. ಸದರ್ನ್ ಲೀಗ್‌ನಲ್ಲಿ 1910ರಲ್ಲಿ ಆದದ್ದೇ ಇಲ್ಲಿ ಖಂಡಾಂತರದ ಅಳತೆಯಲ್ಲಿ ಆಯಿತು. ಬೇಲಿಯಲ್ಲಿ ಕಂಡಿ ಬಿದ್ದಲ್ಲೆಲ್ಲ ಕ್ಲಬ್‌ಗಳು ಕೂತು ಮಾತಾಡಿ ಅದನ್ನು ಮುಚ್ಚಿದವು, ಮಾತುಕತೆಯ ಮೇಜಿನ ಸುತ್ತ ಆಟಗಾರನಿಗೆ ಕುರ್ಚಿ ಇರಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನೇರವಾದದ್ದು: ಆಟಗಾರನೇನು ಎಳೆಮಗುವೇ? ಮೊದಲ ಬಾರಿ ಸಹಿ ಮಾಡುವಾಗಲೇ ಅವನಿಗೆ ನಿಯಮ ಗೊತ್ತಿತ್ತು, ಲೀಗ್‌ನ ನಿಯಮಗಳಿಗೆ ಬದ್ಧನೆಂದು ಅವನ ಕರಾರಿನಲ್ಲೇ ಬರೆದಿತ್ತು, ಒಲ್ಲದಿದ್ದರೆ ಗಣಿಗೋ ಗಿರಣಿಗೋ ಹೋಗಬಹುದಿತ್ತು. ಮಾತು ಕೇಳಲು ಸರಿ. ಆದರೆ ಒಪ್ಪಿಗೆಗೆ ಬೆಲೆ ಬರುವುದು ಬೇರೆ ಆಯ್ಕೆ ಇದ್ದಾಗ. ಪ್ರೆಸ್ಟನ್‌ನ ಷರತ್ತು ಹಿಡಿಸದ ಆಟಗಾರ ಬರ್ನ್‌ಲಿಯಲ್ಲಿ ಬೇರೆ ಷರತ್ತು ಕೇಳುವಂತಿದ್ದರೆ ಅದು ಒಪ್ಪಿಗೆ. ಲೀಗ್‌ನ ಎಲ್ಲ ಕ್ಲಬ್‌ಗಳದ್ದೂ ಒಂದೇ ಷರತ್ತು, ಒಂದೇ ನಮೂನೆಯ ಕಾಗದ ಆಗಿದ್ದಾಗ ಅವನು ಒಪ್ಪಿದ್ದು ಷರತ್ತಿಗಲ್ಲ, ವೃತ್ತಿಗೆ. ಕ್ಲಬ್‌ಗಳ ಯಜಮಾನರು ದುಡ್ಡಿನ ದಾಹಿಗಳಾಗಿದ್ದರು ಎಂಬ ಸುಲಭದ ಉತ್ತರವನ್ನೂ ನಾನು ಒಪ್ಪಲಾರೆ. ಫುಟ್‌ಬಾಲ್ ಕ್ಲಬ್ಬು ಶೇಕಡಾ 7.5ಕ್ಕಿಂತ ಹೆಚ್ಚು ಲಾಭಾಂಶ ಹಂಚುವಂತಿರಲಿಲ್ಲ. 1920ಕ್ಕೆ ಮೊದಲು ಆ ಮಿತಿ ಇನ್ನೂ ಕಡಿಮೆ ಇತ್ತು. ಊರಿನ ವ್ಯಾಪಾರಿ, ವಕೀಲ, ಮದ್ಯ ತಯಾರಕ ಇಂಥವರು ಪ್ರತಿಷ್ಠೆಗಾಗಿ ನಿರ್ದೇಶಕರಾಗುತ್ತಿದ್ದರು, ಎಷ್ಟೋ ಸಲ ಕೈಯಿಂದಲೇ ಹಣ ಹಾಕುತ್ತಿದ್ದರು. ಅವರು ಕಾಪಾಡಿಕೊಂಡದ್ದು ಲಾಭವನ್ನಲ್ಲ, ಅಧಿಕಾರವನ್ನು. ಬಹುಶಃ ಅದಕ್ಕಾಗಿಯೇ ಅವರು ಅಷ್ಟು ಬಿಗಿಯಾಗಿ ಹಿಡಿದುಕೊಂಡರು. ಲಾಭವಾಗಿದ್ದರೆ ಚೌಕಾಸಿಗೆ ಸಿಗುತ್ತಿತ್ತು.

ಚೌಕಾಸಿಗೆ ಸಿಗುವಂಥದ್ದು 1961ರಲ್ಲಿ ಸಿಕ್ಕೇಬಿಟ್ಟಿತು. ಎರಡನೆಯ ಮಹಾಯುದ್ಧದ ನಂತರ ಕ್ರೀಡಾಂಗಣಗಳು ತುಂಬಿ ತುಳುಕಿದ್ದವು. 1948-49ರ ಹಂಗಾಮಿನಲ್ಲಿ ಲೀಗ್ ಪಂದ್ಯಗಳಿಗೆ ಬಂದವರು 4 ಕೋಟಿ 10 ಲಕ್ಷಕ್ಕೂ ಹೆಚ್ಚು. ಆ ವರ್ಷ ಅತ್ಯುತ್ತಮ ಆಟಗಾರನ ವಾರದ ಸಂಬಳದ ಮಿತಿ 12 ಪೌಂಡ್. ಫುಲ್‌ಹ್ಯಾಮ್‌ನ ಜಿಮ್ಮಿ ಹಿಲ್ 1957ರಲ್ಲಿ ಸಂಘದ ಅಧ್ಯಕ್ಷನಾದ ಮೇಲೆ, ಕಾರ್ಯದರ್ಶಿ ಕ್ಲಿಫ್ ಲಾಯ್ಡ್ ಜೊತೆ ಸೇರಿ ಸಂಬಳದ ಮಿತಿ, ನೋಂದಣಿ ಎರಡನ್ನೂ ಒಟ್ಟಿಗೆ ಎತ್ತಿದ. 1960ರ ಕೊನೆಯಲ್ಲಿ ಆಟಗಾರರ ಸಭೆಗಳು ನಡೆದವು. ಒಂದು ಸಭೆಯಲ್ಲಿ ಕಿರಿಯನೊಬ್ಬ ಎದ್ದು, ಗಣಿಯಲ್ಲಿ ದುಡಿಯುವ ನಮ್ಮಪ್ಪನಿಗಿಂತ ನನಗೇ ಹೆಚ್ಚು ಸಿಗುತ್ತಿದೆ, ಇನ್ನೆಷ್ಟು ಬೇಕು ಎಂದನಂತೆ. ಬೋಲ್ಟನ್‌ನ ಟಾಮಿ ಬ್ಯಾಂಕ್ಸ್ ಎದ್ದು, ನಿಮ್ಮಪ್ಪನನ್ನು ಶನಿವಾರ ಕರೆತಂದು ಮೂವತ್ತು ಸಾವಿರ ಜನರ ಮುಂದೆ ಸ್ಟ್ಯಾನ್ಲಿ ಮ್ಯಾಥ್ಯೂಸ್‌ನನ್ನು ತಡೆಯಲು ಹೇಳು ನೋಡೋಣ ಎಂದು ಬಾಯಿ ಮುಚ್ಚಿಸಿದ ಎಂದು ಆ ಕಾಲದವರು ಹೇಳುತ್ತಾರೆ. ಜನವರಿ 21ಕ್ಕೆ ಮುಷ್ಕರ ಎಂದು ಗೊತ್ತಾಯಿತು. ಅದಕ್ಕೆ ಮೊದಲೇ ಲೀಗ್ ಸಂಬಳದ ಮಿತಿಯನ್ನು ಕೈಬಿಟ್ಟಿತು, ಫುಲ್‌ಹ್ಯಾಮ್‌ನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯುವ ಆಟಗಾರನಾದ. ಕಾರ್ಮಿಕ ಸಚಿವಾಲಯದ ಮಧ್ಯಸ್ಥಿಕೆಯಲ್ಲಿ ಆದ ಮಾತುಕತೆಯಲ್ಲಿ ನೋಂದಣಿ ಪದ್ಧತಿಯನ್ನು ಸಡಿಲಿಸುವ ಭರವಸೆಯೂ ಇತ್ತು. ಮುಷ್ಕರದ ಬೆದರಿಕೆ ಹೋದದ್ದೇ ತಡ, ಕ್ಲಬ್‌ಗಳು ಆ ಭರವಸೆಯಿಂದ ಹಿಂದೆ ಸರಿದವು. ಸಂಬಳದಲ್ಲಿ ಐದು ಪಟ್ಟು ಏರಿಕೆ ಒಪ್ಪಿದವರು ಉಳಿಕೆ ಪಟ್ಟಿಯ ಒಂದು ಸಾಲನ್ನೂ ಬಿಟ್ಟುಕೊಡಲಿಲ್ಲ ಎಂಬುದೇ ಎರಡರಲ್ಲಿ ಯಾವುದು ಅವರಿಗೆ ಮುಖ್ಯವಾಗಿತ್ತು ಎಂದು ತೋರಿಸುತ್ತದೆ.

ಹಾಗೆ ಈ ವಿಷಯ ಈಸ್ಟ್‌ಹ್ಯಾಮ್‌ನ ಮೊಕದ್ದಮೆಗೆ ಬಂದು ನಿಂತಿತು. ಉತ್ತರ ಐರ್ಲೆಂಡಿನ ಆರ್ಡ್ಸ್ ಕ್ಲಬ್ಬಿನಿಂದ 1956ರಲ್ಲಿ ನ್ಯೂಕ್ಯಾಸಲ್‌ಗೆ ಬಂದಿದ್ದ ಈತನಿಗೆ ಕ್ಲಬ್ಬು ಕೊಟ್ಟ ಮನೆ, ಹೊರಗಿನ ಕೆಲಸ ಹೀಗೆ ಹಲವು ವಿಷಯದಲ್ಲಿ ಅಸಮಾಧಾನವಿತ್ತು. ಬೇರೆಡೆ ಕಳಿಸಿ ಎಂದು ಕೇಳಿದ, ಕ್ಲಬ್ಬು ಒಲ್ಲೆನೆಂದಿತು. ಲೀಗ್‌ಗೆ ಬರೆದರೆ ಅದು ನಿನಗೂ ಕ್ಲಬ್ಬಿಗೂ ಬಿಟ್ಟ ವಿಷಯ ಎಂಬ ಉತ್ತರ ಬಂತು. ಅವನು ದಕ್ಷಿಣ ಇಂಗ್ಲೆಂಡಿಗೆ ಹೋಗಿ ಎರ್ನಿ ಕ್ಲೇ ಎಂಬ ವ್ಯಾಪಾರಿಯ ಬಳಿ ಕಾರ್ಕ್ ಮಾರುತ್ತ ಕಾಲ ತಳ್ಳಿದ. ಕೊನೆಗೆ ನ್ಯೂಕ್ಯಾಸಲ್ ಮಣಿದು 1960ರ ನವೆಂಬರಿನಲ್ಲಿ 47,500 ಪೌಂಡಿಗೆ ಆರ್ಸೆನಲ್‌ಗೆ ಬಿಟ್ಟುಕೊಟ್ಟಿತು. ಅವನ ಸಮಸ್ಯೆ ಅಲ್ಲಿಗೆ ಮುಗಿದಿತ್ತು. ಆದರೂ ಸಂಘದ ಒತ್ತಾಸೆಯಿಂದ ಅವನು ದಾವೆ ಮುಂದುವರಿಸಿದ್ದೇ ದೊಡ್ಡ ಸಂಗತಿ, ಏಕೆಂದರೆ ಹಿಂದಿನವರೆಲ್ಲ ಕೇಳಿದ್ದು ತಮ್ಮ ಬಿಡುಗಡೆ, ಈತ ಕೇಳಿದ್ದು ಪದ್ಧತಿಯ ಸಿಂಧುತ್ವ. ಅವನ ಪರ ನಿಂತದ್ದು ಮುಂದೆ ಲಾರ್ಡ್ ಚಾನ್ಸಲರ್ ಆದ ಜೆರಾಲ್ಡ್ ಗಾರ್ಡಿನರ್. ತೀರ್ಪು ಕೊಟ್ಟವರು ನ್ಯಾಯಮೂರ್ತಿ ರಿಚರ್ಡ್ ವಿಲ್ಬರ್‌ಫೋರ್ಸ್. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್‌ನ ವಂಶಸ್ಥ. ಈ ನಂಟನ್ನು ಹಿಡಿದು ಬರೆದವರು ಬಹಳ. ತೀರ್ಪನ್ನು ಓದಿದರೆ ಮಾತ್ರ ಅದರಲ್ಲಿ ಭಾವಾವೇಶದ ಲವಲೇಶವಿಲ್ಲ, ಒಣ ವಾಣಿಜ್ಯ ಕಾನೂನಿನ ಲೆಕ್ಕಾಚಾರವಷ್ಟೇ.

1963ರ ಜುಲೈ 4ರ ಆ ತೀರ್ಪಿನ ತಿರುಳು ಎರಡು. ಒಂದು, ಉಳಿಕೆ ಮತ್ತು ವರ್ಗಾವಣೆ ಎರಡೂ ಸೇರಿ ಆಟಗಾರನ ವೃತ್ತಿಗೆ ಅಸಮಂಜಸವಾದ ಅಡ್ಡಿ. ಕರಾರು ನಡೆಯುತ್ತಿರುವಾಗ ಆಟಗಾರನ ಒಪ್ಪಿಗೆಯಿಂದ ಹಣ ಪಡೆದು ಬೇರೆ ಕ್ಲಬ್ಬಿಗೆ ಕಳಿಸುವುದರಲ್ಲಿ ತಪ್ಪಿಲ್ಲ, ಕರಾರು ಮುಗಿದವನನ್ನು ಕಟ್ಟಿಹಾಕಿ ಬೆಲೆ ಕಟ್ಟುವುದರಲ್ಲಿ ತಪ್ಪಿದೆ. ಎರಡನೆಯದು ನನ್ನ ವಾದಕ್ಕೆ ಹೆಚ್ಚು ಬೇಕಾದದ್ದು. ಈಸ್ಟ್‌ಹ್ಯಾಮ್‌ಗೂ ಫುಟ್‌ಬಾಲ್ ಲೀಗ್‌ಗೂ ನೇರ ಕರಾರು ಇರಲಿಲ್ಲ. ಹಾಗಿದ್ದಮೇಲೆ ಲೀಗ್‌ನ ನಿಯಮವನ್ನು ಪ್ರಶ್ನಿಸಲು ಅವನಾರು ಎಂದು ಎದುರು ಪಕ್ಷ ಕೇಳಿತು. ಮಾಲೀಕರು ತಮ್ಮೊಳಗೆ ಮಾಡಿಕೊಂಡ ಒಪ್ಪಂದದಿಂದ ಪೆಟ್ಟು ತಿನ್ನುವ ಕೆಲಸಗಾರ, ಆ ಒಪ್ಪಂದಕ್ಕೆ ತಾನು ಪಕ್ಷಕಾರನಲ್ಲದಿದ್ದರೂ, ಅದರ ವಿರುದ್ಧ ಘೋಷಣೆ ಪಡೆಯಬಹುದು ಎಂದು ನ್ಯಾಯಾಲಯ ಹೇಳಿತು. ಫುಟ್‌ಬಾಲ್ ಲೋಕವೆಲ್ಲ ಈ ಪದ್ಧತಿಯನ್ನೇ ಬಯಸುತ್ತದೆ ಎಂಬ ವಾದಕ್ಕೆ, ಬಯಸುವವರು ಮಾಲೀಕರು, ಅವರು ಒಗ್ಗಟ್ಟಾಗಿರುವುದೇ ಅದು ನ್ಯಾಯ ಎಂಬುದಕ್ಕೆ ಪುರಾವೆಯಾಗದು ಎಂಬ ಅರ್ಥದ ಉತ್ತರ ಸಿಕ್ಕಿತು. ಈಸ್ಟ್‌ಹ್ಯಾಮ್‌ಗೆ ಪರಿಹಾರವೆಂದು ಹಣವೇನೂ ಬರಲಿಲ್ಲ.

ನಮ್ಮ ದೇಶದ ಕಾನೂನಿಗೆ ಈ ಪ್ರಶ್ನೆ ಬಂದಿದ್ದರೆ ಉತ್ತರ ಇನ್ನೂ ಚುಟುಕಾಗಿರುತ್ತಿತ್ತು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ವೃತ್ತಿಗೆ ಅಡ್ಡಿ ಮಾಡುವ ಒಪ್ಪಂದವನ್ನು ಆ ಮಟ್ಟಿಗೆ ಅಸಿಂಧು ಎನ್ನುತ್ತದೆ. ಸಮಂಜಸವೋ ಅಲ್ಲವೋ ಎಂಬ ಇಂಗ್ಲಿಷ್ ತೂಗಾಟಕ್ಕೆ ಅಲ್ಲಿ ಜಾಗವಿಲ್ಲ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿ'ಮಾರ್ಕ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಹೆಚ್ಚುಕಡಿಮೆ ಇದೇ ಪ್ರಶ್ನೆ: ಮೂರು ವರ್ಷದ ಕರಾರು ಮುಗಿದ ಮೇಲೂ ಬೇರೆಯವರ ಬಳಿ ಹೋಗುವ ಮೊದಲು ಹಳೆಯ ಸಂಸ್ಥೆಗೆ ಅವಕಾಶ ಕೊಡಬೇಕೆಂಬ ಷರತ್ತು ನಿಲ್ಲುತ್ತದೆಯೇ? ಕರಾರಿನ ಅವಧಿಯ ಆಚೆಗೆ ಚಾಚುವ ಅಂಥ ಕಟ್ಟು ನಿಲ್ಲದು ಎಂದಿತು ಕೋರ್ಟು. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಜಹೀರ್ ಖಾನ್ ಆ ಷರತ್ತಿಗೆ ತಾನೇ ಸಹಿ ಹಾಕಿದ್ದ. ಸಹಿ ಹಾಕಿದ ಕಟ್ಟೇ ನಿಲ್ಲದಿದ್ದರೆ, ಸಹಿ ಹಾಕದ ಕಟ್ಟಿನ ಗತಿ ಏನೆಂದು ಹೇಳಬೇಕಾಗಿಲ್ಲ.

ಇನ್ನು ಸಣ್ಣ ಕ್ಲಬ್‌ಗಳ ಆಕ್ಷೇಪ. ಇದನ್ನು ಹಗುರವಾಗಿ ತೆಗೆದುಹಾಕಬಾರದು. ಕಟ್ಟು ಬಿಚ್ಚಿದರೆ ಶ್ರೀಮಂತ ಕ್ಲಬ್‌ಗಳು ಎಲ್ಲರನ್ನೂ ಬಾಚಿಕೊಳ್ಳುತ್ತವೆ, ಹುಡುಗರನ್ನು ಬೆಳೆಸುವ ಊರುಗಳು ಬರಿಗೈಯಾಗುತ್ತವೆ ಎಂದು 1893ರಿಂದಲೂ ಹೇಳುತ್ತ ಬಂದಿದ್ದರು. 1962ರ ಮಾರ್ಚ್‌ನಲ್ಲಿ ಅಕ್ರಿಂಗ್ಟನ್ ಸ್ಟ್ಯಾನ್ಲಿ ಸಾಲದ ಹೊರೆಯಿಂದ ಲೀಗ್ ಬಿಟ್ಟಾಗ, ನೋಡಿ ಸಂಬಳದ ಮಿತಿ ತೆಗೆದು ಒಂದು ವರ್ಷ ಕಳೆದದ್ದಷ್ಟೇ ಎಂದು ಬೊಟ್ಟು ಮಾಡಿದವರಿದ್ದರು. ಅಕ್ರಿಂಗ್ಟನ್‌ನ ಸಾಲ ಅದಕ್ಕಿಂತ ಹಳೆಯದು. ಆಲ್ಡರ್‌ಶಾಟ್‌ನ ಸೈನಿಕ ಪ್ರದರ್ಶನಕ್ಕೆ ಕಟ್ಟಿದ್ದ ಪ್ರೇಕ್ಷಕರ ಗ್ಯಾಲರಿಯನ್ನು ಕೊಂಡು ತಂದು ನಿಲ್ಲಿಸಲು ಹೋಗಿ ಹೈರಾಣಾದ ಕ್ಲಬ್ಬದು. ಅದೇ ವರ್ಷ ಲೀಗ್ ಗೆದ್ದದ್ದು ಮೊದಲ ಬಾರಿಗೆ ಮೇಲಿನ ವಿಭಾಗಕ್ಕೆ ಬಂದಿದ್ದ ಪುಟ್ಟ ಇಪ್ಸ್‌ವಿಚ್. ಕಟ್ಟು ಬಿಗಿಯಾಗಿದ್ದ ಕಾಲದಲ್ಲಾದರೂ ಸಮಾನತೆ ಇತ್ತೇ? ಹಡರ್ಸ್‌ಫೀಲ್ಡ್ 1924ರಿಂದ ಸತತ ಮೂರು ಸಲ, ಆರ್ಸೆನಲ್ 1930ರ ದಶಕದಲ್ಲಿ ಐದು ಸಲ ಗೆದ್ದವು. 1928ರಲ್ಲಿ ಬೋಲ್ಟನ್‌ನಿಂದ ಡೇವಿಡ್ ಜ್ಯಾಕ್‌ನನ್ನು ತರಲು ಆರ್ಸೆನಲ್ ಮೊದಲ ಬಾರಿಗೆ 10,000 ಪೌಂಡ್ ದಾಟಿತು. ದುಡ್ಡಿದ್ದವರು ಆಗಲೂ ಒಳ್ಳೆಯವರನ್ನು ಕೊಳ್ಳುತ್ತಲೇ ಇದ್ದರು. ವ್ಯತ್ಯಾಸವೆಂದರೆ ಬೆಲೆ ಮಾರುವ ಕ್ಲಬ್ಬಿಗೆ ಹೋಗುತ್ತಿತ್ತು, ಆಟಗಾರನಿಗೆ ಮಿತಿಯ ಸಂಬಳ. ಸಣ್ಣ ಕ್ಲಬ್ಬು ಬದುಕಿದ್ದು ನಿಜ. ಅದರ ಖರ್ಚನ್ನು ಹೊತ್ತವರು ಅದರ ಅತ್ಯುತ್ತಮ ಆಟಗಾರರು. ಅಂಥ ಸಹಾಯಧನ ಬೇಕೆಂದಿದ್ದರೆ ಗೇಟಿನ ಹಣವನ್ನು ಇನ್ನಷ್ಟು ಹಂಚಿಕೊಳ್ಳುವ ದಾರಿ ಲೀಗ್‌ಗೆ ಇದ್ದೇ ಇತ್ತು, ಅದಕ್ಕೆ ದೊಡ್ಡ ಕ್ಲಬ್‌ಗಳ ಮನಸ್ಸು ಬೇಕಿತ್ತಷ್ಟೇ.

1963ರ ತೀರ್ಪಿನ ನಂತರವೂ ಪದ್ಧತಿ ಒಂದೇ ಏಟಿಗೆ ಬೀಳಲಿಲ್ಲ. ಉಳಿಸಿಕೊಳ್ಳಬೇಕಿದ್ದರೆ ಹಿಂದಿನದಕ್ಕಿಂತ ಕಡಿಮೆಯಿಲ್ಲದ ಷರತ್ತು ಕೊಡಬೇಕೆಂಬ ನಿಯಮ ಬಂತು. 1978ರ ಹೊತ್ತಿಗೆ ಕರಾರು ಮುಗಿದವನು ಹೊರಡಬಹುದೆಂದಾಯಿತು, ಆದರೆ ಹಳೆಯ ಕ್ಲಬ್ಬಿಗೆ ಪರಿಹಾರ ಸಲ್ಲಬೇಕಿತ್ತು. ಯುರೋಪಿನ ಉಳಿದೆಡೆ ಇದೇ ಬಗೆಯ ನಿಯಮಗಳಿದ್ದವು. ಬೆಲ್ಜಿಯಂನ ಲಿಯೇಜ್ ಕ್ಲಬ್ಬಿನ ಜ್ಯಾನ್-ಮಾರ್ಕ್ ಬೋಸ್ಮನ್‌ನ ಕರಾರು ಮುಗಿದದ್ದು 1990ರ ಜೂನ್ 30ಕ್ಕೆ. ತಿಂಗಳಿಗೆ ಸರಾಸರಿ 1,20,000 ಫ್ರಾಂಕ್ ಪಡೆಯುತ್ತಿದ್ದವನಿಗೆ ಕ್ಲಬ್ಬು 30,000 ಕೊಡುತ್ತೇನೆಂದಿತು. ಅವನು ಬೇಡವೆಂದಾಗ 1 ಕೋಟಿ 17 ಲಕ್ಷ ಫ್ರಾಂಕಿಗೂ ಮಿಕ್ಕ ಬೆಲೆ ಕಟ್ಟಿತು. ಕಾಲು ಭಾಗದ ಸಂಬಳಕ್ಕೆ ಸಾಕೆನಿಸುವ ಆಟಗಾರನಿಗೆ ಕೋಟಿಯ ಬೆಲೆ ಎಂಬ ಈ ಒಗಟನ್ನು ಯಾವ ಮಾರುಕಟ್ಟೆಯ ಲೆಕ್ಕವೂ ಬಿಡಿಸಲಾರದು. ಫ್ರಾನ್ಸಿನ ಡಂಕರ್ಕ್ ಅವನನ್ನು ಕರೆದಿತ್ತು. ಡಂಕರ್ಕ್ ಹಣ ಕೊಡುವುದೋ ಇಲ್ಲವೋ ಎಂಬ ಅನುಮಾನದಿಂದ ಲಿಯೇಜ್ ವರ್ಗಾವಣೆ ಪ್ರಮಾಣಪತ್ರಕ್ಕೆ ಮನವಿಯನ್ನೇ ಮಾಡಲಿಲ್ಲ, ಅಲ್ಲಿಗೆ ಎಲ್ಲ ಮುರಿದುಬಿತ್ತು. 1995ರ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯ, ಕರಾರು ಮುಗಿದ ಆಟಗಾರ ಒಂದು ಸದಸ್ಯ ರಾಷ್ಟ್ರದಿಂದ ಇನ್ನೊಂದಕ್ಕೆ ಹೋಗಲು ಶುಲ್ಕ ಕೇಳುವುದು ಕಾರ್ಮಿಕರ ಮುಕ್ತ ಸಂಚಾರಕ್ಕೆ ವಿರುದ್ಧ ಎಂದಿತು. ಕ್ಲಬ್‌ಗಳ ನಡುವೆ ಸಮತೋಲ ಬೇಕು, ಯುವಕರಿಗೆ ತರಬೇತಿ ಸಿಗಬೇಕು ಎಂಬ ಗುರಿಗಳನ್ನು ಅದು ಅಲ್ಲಗಳೆಯಲಿಲ್ಲ. ಆ ಗುರಿಗೆ ಈ ದಾರಿ ಬೇಕಾಗಿಲ್ಲ ಎಂದಿತು.

ಆಮೇಲೆ ತಕ್ಕಡಿ ಆಚೆ ವಾಲಿತು, ಈಗ ಆಟಗಾರನದ್ದೇ ರಾಜ್ಯ ಎಂಬ ಮಾತು ಸಾಮಾನ್ಯ. ಅದರಲ್ಲಿ ಸತ್ಯವಿದೆ. 1995ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ಅಯಾಕ್ಸ್ ತಂಡದ ಡಾವಿಡ್ಸ್, ರೈಜಿಗರ್, ಕ್ಲುಯಿವರ್ಟ್ ಎರಡು ವರ್ಷದೊಳಗೆ ಮಿಲಾನ್ ಸೇರಿದರು, ಬೆಳೆಸಿದ ಕ್ಲಬ್ಬಿಗೆ ವರ್ಗಾವಣೆ ಶುಲ್ಕವೆಂದು ಬಿಡಿಗಾಸೂ ಬರಲಿಲ್ಲ. ಆ ನಷ್ಟ ನಿಜವಾದದ್ದು, ಆಮ್‌ಸ್ಟರ್‌ಡ್ಯಾಮ್‌ನವರು ಅದನ್ನು ಇನ್ನೂ ಮರೆತಿರಲಾರರು. ಆದರೆ ಸ್ವಾತಂತ್ರ್ಯ ಸಿಕ್ಕಿದ್ದು ಕರಾರು ಮುಗಿದವರಿಗೆ. ಕರಾರು ನಡುವೆ ಮುರಿದುಬಿದ್ದಾಗ ಕ್ಲಬ್‌ಗಳ ಒಳಒಪ್ಪಂದದ ಹಳೆಯ ಬಿಗಿ ಹಾಗೇ ಇತ್ತು. ಲಸಾನ ಡಿಯಾರಾ ಎಂಬ ಆಟಗಾರನ ಕರಾರನ್ನು ಲೊಕೊಮೊಟಿವ್ ಮಾಸ್ಕೋ 2014ರಲ್ಲಿ ರದ್ದು ಮಾಡಿತು. ತಪ್ಪು ಅವನದೆಂದು ತೀರ್ಮಾನಿಸಿದ ಫಿಫಾ 1 ಕೋಟಿ 5 ಲಕ್ಷ ಯೂರೋ ಕಟ್ಟಬೇಕೆಂದಿತು. ಅವನನ್ನು ಸೇರಿಸಿಕೊಳ್ಳುವ ಹೊಸ ಕ್ಲಬ್ಬೂ ಆ ಹಣಕ್ಕೆ ಹೊಣೆಯಾಗಬಹುದೆಂಬ ನಿಯಮವಿದ್ದುದರಿಂದ ಬೆಲ್ಜಿಯಂನ ಶಾರ್ಲರುವಾ ಹಿಂದೆ ಸರಿಯಿತು, ಪ್ರಮಾಣಪತ್ರ ಮತ್ತೆ ತಡೆಯಾಯಿತು. ಡಂಕರ್ಕ್‌ಗೆ ಹೋಗದ ಅದೇ ಬಗೆಯ ಕಾಗದ. 2024ರ ಅಕ್ಟೋಬರ್ 4ರಂದು ಯುರೋಪಿಯನ್ ನ್ಯಾಯಾಲಯ ಈ ನಿಯಮಗಳೂ ಮುಕ್ತ ಸಂಚಾರಕ್ಕೂ ಸ್ಪರ್ಧೆಯ ಕಾನೂನಿಗೂ ಹೊಂದುವುದಿಲ್ಲ ಎಂದು ಹೇಳಿತು. ಅದೇ ಡಿಸೆಂಬರಿನಲ್ಲಿ ಫಿಫಾ ತಾತ್ಕಾಲಿಕ ನಿಯಮ ತಂದು, ಹಳೆಯ ಕ್ಲಬ್ಬಿನೊಂದಿಗೆ ಜಗಳವಿದೆ ಎಂಬ ಕಾರಣಕ್ಕೆ ಪ್ರಮಾಣಪತ್ರ ತಡೆಹಿಡಿಯುವುದನ್ನು ನಿಲ್ಲಿಸಿತು.